ಅಂಕಲ್, ನಿಮ್ಮ ನಡೆ

ನಲವತ್ತರ ಆಸುಪಾಸಿನಲ್ಲಿ ಚೆಸ್ ಹುಚ್ಚು ಹತ್ತಿದವರು ಮೊದಲು ಮಾಡುವ ಕೆಲಸ ಓಪನಿಂಗ್, ಅಂದರೆ ಆಟ ಶುರು ಮಾಡುವ ನಡೆಗಳ, ಪುಸ್ತಕ ಕೊಳ್ಳುವುದು. ಸಿಸಿಲಿಯನ್ ಡಿಫೆನ್ಸ್ ಅನ್ನುವ ಒಂದು ಓಪನಿಂಗ್, ಅದರೊಳಗೆ ನೈಡಾರ್ಫ್ ಅನ್ನುವ ಕವಲು, ಅದರೊಳಗೆ ಇನ್ನೊಂದು ಕವಲು. ಹದಿನೈದನೇ ನಡೆವರೆಗೂ ಬಾಯಿಪಾಠ. ಕಷ್ಟ ಏನೆಂದರೆ, ಎದುರಾಳಿ ಆ ಪುಸ್ತಕ ಓದಿರುವುದಿಲ್ಲ. ಮೂರನೇ ನಡೆಗೇ ಒಬ್ಬ ಸೈನಿಕನನ್ನು ಎಲ್ಲಿಗೋ ತಳ್ಳಿ ಕೂರುತ್ತಾನೆ. ಅಲ್ಲಿಗೆ ನಮ್ಮ ಪಾಂಡಿತ್ಯ ಮುಗಿಯಿತು. ಬಿಳಿಗೆ ಮೊದಲ ನಡೆಯಲ್ಲೇ 20 ದಾರಿ, ಕಪ್ಪಿಗೂ 20. ಇಬ್ಬರೂ ಒಂದೊಂದು ಕಾಯಿ ಮುಟ್ಟಿ ಬಿಡುವಷ್ಟರಲ್ಲಿ 400 ಬಗೆಯ ಸ್ಥಿತಿಗಳು ಸಾಧ್ಯ. ಇದನ್ನು ಬಾಯಿಪಾಠದಲ್ಲಿ ಹಿಡಿಯುತ್ತೇನೆ ಅನ್ನುವವರ ಧೈರ್ಯ ಮೆಚ್ಚಬೇಕು.

ಆದರೂ ಪುಸ್ತಕ ಬಿಡುವುದಿಲ್ಲ. ಯಾಕೆಂದರೆ ಓದುತ್ತಾ ಕೂತವರನ್ನು ಯಾರೂ ಸೋಲಿಸಲಾರರು.

ಕೇಳಿದರೆ ಸಮಯ ಇಲ್ಲ ಅನ್ನುತ್ತೇವೆ. ಅದೇನೂ ಸುಳ್ಳಲ್ಲ. ಕೆಲಸ, ಮನೆ, ಮಕ್ಕಳ ಹೋಂವರ್ಕ್ ಎಲ್ಲ ಮುಗಿದ ಮೇಲೆ ಉಳಿಯುವುದು ರಾತ್ರಿಯ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ತಲಾ 15 ನಿಮಿಷದ ಒಂದು ಆಟ ಯೋಚಿಸಿ ಆಡಬಹುದು. ನಾವು ಆಡುವುದು ಮಾತ್ರ ತಲಾ 3 ನಿಮಿಷದ ಐದು ಬ್ಲಿಟ್ಜ್. ಅದರಲ್ಲಿ ಹೊಸದನ್ನು ಯೋಚಿಸಲು ಎಡೆಯೇ ಇಲ್ಲ, ಗೊತ್ತಿರುವುದನ್ನೇ ಇನ್ನಷ್ಟು ಬೇಗ ಆಡುತ್ತೇವೆ, ಅಷ್ಟೆ. ಮಜಾ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದನ್ನು ಅಭ್ಯಾಸ ಅಂತ ಕರೆಯಬಾರದು.

ಇನ್ನೊಂದು ನೆಪ, ವಯಸ್ಸಾಯಿತು, ನೆನಪು ನಿಲ್ಲುವುದಿಲ್ಲ ಅನ್ನುವುದು. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಒಂದು ಪ್ರಯೋಗ ಪ್ರಕಟಿಸಿದರು. ನಿಜವಾದ ಆಟದ ನಡುವಿನ ಸ್ಥಿತಿಯನ್ನು ಸುಮಾರು 5 ಸೆಕೆಂಡು ತೋರಿಸಿ ಮುಚ್ಚಿಬಿಟ್ಟರೆ ಮಾಸ್ಟರ್ ಹೆಚ್ಚಿನ ಕಾಯಿಗಳನ್ನು ಸರಿಯಾದ ಮನೆಗಳಲ್ಲಿ ಇಡುತ್ತಾನೆ, ಹೊಸಬ ತಡಕಾಡುತ್ತಾನೆ. ಅದೇ ಕಾಯಿಗಳನ್ನು ಸುಮ್ನೆ ಕಂಡಕಂಡಲ್ಲಿ ಇಟ್ಟು ತೋರಿಸಿದಾಗ ಇಬ್ಬರ ನಡುವಿನ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು. ಅಂದರೆ ಮಾಸ್ಟರ್‌ಗೆ ಇರುವುದು ದೊಡ್ಡ ನೆನಪಲ್ಲ, ಪಳಗಿದ ಕಣ್ಣು. ಆನೆ ಹಿಂದೆ ನಿಂತ ರಾಣಿ, ಎರಡು ಕಡೆ ಕೈಚಾಚುವ ಕುದುರೆ, ಸೈನಿಕರ ಹಿಂದೆ ಉಸಿರು ಕಟ್ಟಿ ಕೂತ ರಾಜ, ಇವೆಲ್ಲ ಹುಡುಕುವ ಮೊದಲೇ ಕಾಣಬೇಕು. ಸುಲಭದ ಪಜಲ್‌ಗಳನ್ನೇ ದಿನಾ ಹತ್ತು ನಿಮಿಷ ಮತ್ತೆ ಮತ್ತೆ ಬಿಡಿಸಿದರೆ ಕಣ್ಣು ನಿಧಾನಕ್ಕೆ ಪಳಗುತ್ತದೆ. ಬೇಜಾರಿನ ಕೆಲಸ. ಅದಕ್ಕೇ ನಾವು ಕಷ್ಟದ ಪಜಲ್ ತೆಗೆದು, ಎರಡು ನಿಮಿಷ ನೋಡಿ, ಉತ್ತರ ಒತ್ತಿ, 'ಓಹೋ' ಅಂದು ಮಲಗುತ್ತೇವೆ.

ಇದೆಲ್ಲ ಹೇಗೋ ಸಂಭಾಳಿಸಬಹುದು. ದೊಡ್ಡವರಿಗೆ ನಿಜವಾಗಿ ಕಷ್ಟ ಬೇರೆಯದು. ಅರ್ಪಾಡ್ ಇಲೋ ಎಂಬ ಭೌತಶಾಸ್ತ್ರದ ಪ್ರೊಫೆಸರ್ ರೂಪಿಸಿದ ರೇಟಿಂಗ್ ಲೆಕ್ಕವನ್ನು, ಅಂದರೆ ಆಟಗಾರನ ಬಲವನ್ನು ಅಂಕದಲ್ಲಿ ಅಳೆಯುವ ಲೆಕ್ಕವನ್ನು, ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಆನ್‌ಲೈನ್ ಚೆಸ್‌ನಲ್ಲೂ ಅದೇ ಬಗೆಯ ಲೆಕ್ಕವೇ. ರೇಟಿಂಗ್‌ನಲ್ಲಿ ನಮಗಿಂತ 200 ಅಂಕ ಮೇಲಿನವನು, ಗೆದ್ದರೆ ಒಂದು, ಡ್ರಾ ಆದರೆ ಅರ್ಧ ಎಂಬ ಲೆಕ್ಕದಲ್ಲಿ, 100 ಆಟಕ್ಕೆ ಸುಮಾರು 76 ಅಂಕ ಗಳಿಸುತ್ತಾನೆ ಎಂದು ಅದು ಅಂದಾಜು ಮಾಡುತ್ತದೆ. ಸರಿಸಮ ಇದ್ದವರಿಗೆ ತಲಾ 50. ಆಟದ ಆ್ಯಪ್ ಹುಡುಕಿಕೊಡುವುದು ಸರಿಸಮದವರನ್ನೇ. ಹಾಗಾಗಿ ಹೊಸಬನಿದ್ದಾಗ ಅರ್ಧಕ್ಕರ್ಧ ಸೋಲು. ಚೆನ್ನಾಗಿ ಕಲಿತ ಮೇಲೂ ಅರ್ಧಕ್ಕರ್ಧ ಸೋಲು, ಆದರೆ ಇನ್ನೂ ಗಟ್ಟಿಗರ ಕೈಯಲ್ಲಿ! ತೂಕ ಇಳಿಸಲು ಹೊರಟವರು ದಿನಕ್ಕೆ ಮೂರು ಸಲ ಮಷಿನ್ ಹತ್ತುವ ಹಾಗೆ ರೇಟಿಂಗ್ ನೋಡುತ್ತಿದ್ದರೆ ಕಾಣುವುದು ಬರೀ ಏರಿಳಿತ.

ಈ ಅರ್ಧಕ್ಕರ್ಧ ದೊಡ್ಡವರಿಗೆ ಅಭ್ಯಾಸ ತಪ್ಪಿರುತ್ತದೆ. ನಲವತ್ತು ದಾಟುವಷ್ಟರಲ್ಲಿ ನಾವು ಬಾರದ ಕೆಲಸಗಳಿಂದೆಲ್ಲ ಉಪಾಯವಾಗಿ ಜಾರಿಕೊಂಡಿರುತ್ತೇವೆ. ಹಾಡಲು ಬಾರದವರು ಹಾಡುವುದಿಲ್ಲ, ಕುಣಿಯಲು ಬಾರದವರು ತಟ್ಟೆ ಹಿಡಿದು ಗೋಡೆ ಪಕ್ಕ ನಿಲ್ಲುತ್ತಾರೆ. ಆಫೀಸಿನಲ್ಲಿ ನಾಲ್ಕು ಜನ ನಮ್ಮ ಮಾತು ಕೇಳುತ್ತಾರೆ. ಅಂಥವರು ರಾತ್ರಿ ಹತ್ತಕ್ಕೆ ಕೂತು, ಮುಖ ಕಾಣದ ಯಾರದೋ ಕೈಯಲ್ಲಿ ಒಂಟೆ ಕಳೆದುಕೊಳ್ಳಬೇಕು. ಯಾರಿಗೆ ಬೇಕು, ಅಲ್ವಾ? 'ಇನ್ನೊಂದೇ ಆಟ' ಶುರುವಾಗುವುದು ಇಲ್ಲಿಂದಲೇ. ಆ ಆಟ ಕಲಿಯಲು ಅಲ್ಲ, ಮರ್ಯಾದೆ ವಾಪಸು ತರಲು. ಅದರಲ್ಲೂ ಸೋಲುತ್ತೇವೆ.

ಟೂರ್ನಿಗೆ ಹೋದರೆ ಇನ್ನೂ ಫಜೀತಿ. ಅಲ್ಲಿನ ಸ್ವಿಸ್ ಪದ್ಧತಿಯಲ್ಲಿ ಜೋಡಿ ಹಾಕುವುದು ಆ ಟೂರ್ನಿಯಲ್ಲಿ ಗಳಿಸಿದ ಅಂಕ ನೋಡಿ, ವಯಸ್ಸು ನೋಡಿ ಅಲ್ಲ. ಎದುರಿನ ಕುರ್ಚಿಯಲ್ಲಿ ಕಾಲು ನೆಲಕ್ಕೆ ಎಟುಕದ ಒಂದು ಮಗು ಕೂತಿರುತ್ತದೆ. ಅದರ ರೇಟಿಂಗ್ ಹಳೆಯದು, ಆಟ ಇವತ್ತಿನದು. 18 ತುಂಬದವರ ರೇಟಿಂಗ್ ಬೇಗ ಬದಲಾಗುವಂತೆ ಫಿಡೆ ಲೆಕ್ಕವನ್ನೇ ಬೇರೆ ಇಟ್ಟಿದೆ. ಮಕ್ಕಳು ಅದಕ್ಕಿಂತ ಬೇಗ ಕಲಿಯುತ್ತಾರೆ. ನಾವು ಹಣೆ ಹಿಡಿದು ಕೂತಾಗ ಅದು ನೀರು ಕುಡಿದು, ಪಕ್ಕದ ಮೂರು ಬೋರ್ಡ್ ನೋಡಿ ಬಂದು, 'ಅಂಕಲ್, ನಿಮ್ಮ ನಡೆ' ಎಂಬಂತೆ ದಿಟ್ಟಿಸುತ್ತದೆ. ಸೋತರೆ ಅಳುತ್ತದೆ, ಐದು ನಿಮಿಷಕ್ಕೆ ಮರೆಯುತ್ತದೆ. ನಾವು ಅಳುವುದಿಲ್ಲ, ಒಂದು ವಾರ ಹೊತ್ತುಕೊಂಡು ತಿರುಗುತ್ತೇವೆ. ಕಲಿಕೆಯಲ್ಲಿ ಮಕ್ಕಳು ಮುಂದಿರಲು ಚುರುಕು ಮಿದುಳಿಗಿಂತ ಇದೇ ಜಾಸ್ತಿ ಕಾರಣ ಅಂತ ನನ್ನ ಗುಮಾನಿ.

ಆಟ ಮುಗಿದ ಮೇಲೆ ಎದ್ದು ಓಡದೆ ಕೂತರೆ ಒಂದು ಲಾಭ ಇದೆ. ಮನೆಯಲ್ಲಿ ಎಂಜಿನ್, ಅಂದರೆ ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ, ಹಾಕಿದರೆ ನಮ್ಮ ನಡೆಗೆ ದೊಡ್ಡ ತಪ್ಪು ಅನ್ನುವ ಎರಡು ಪ್ರಶ್ನೆ ಚಿಹ್ನೆ ಬೀಳುತ್ತವೆ, ಆ ಹೊತ್ತಿಗೆ ನಾವೇನು ಅಂದುಕೊಂಡಿದ್ದೆವು ಅನ್ನುವುದು ಅದಕ್ಕೆ ಬೇಕಿಲ್ಲ. ಮಗು ಹಾಗಲ್ಲ. ಸರಸರ ಕಾಯಿ ಜೋಡಿಸಿ, 'ಅಂಕಲ್, ಇಲ್ಲಿ ಕುದುರೆ ಯಾಕೆ ಹಿಂದೆ ತಗೊಂಡ್ರಿ? ಮುಂದೆ ಇಟ್ಟಿದ್ರೆ ನಾನು ಸೋಲ್ತಿದ್ದೆ' ಅನ್ನುತ್ತದೆ. ಯಾಕೆ ತಗೊಂಡೆ ಅಂತ ಅದಕ್ಕೆ ವಿವರಿಸಲು ಹೊರಟರೆ, ಅರ್ಧ ವಾಕ್ಯದಲ್ಲೇ ನಮಗೆ ಗೊತ್ತಾಗುತ್ತದೆ.