ಕೇಳದೆ ಬೆಳ್ಳಗೆ ಮಾಡುವ ಊರು

ರಜೆಗೆ ಕೊಡಗಿಗೆ ಹೋದಾಗ ಅಜ್ಜಿಯ ಒಂದು ಫೋಟೋ ಪ್ರಿಂಟ್ ಹಾಕಿಸಿದೆ. ಕಾಫಿ ಕಣದ ಪಕ್ಕ ಕೂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿರುವ ಫೋಟೋ. ಹನ್ನೆರಡು ಹದಿನೆಂಟು ಇಂಚಿನ ಸೈಜು, ಫ್ರೇಮ್ ಸಮೇತ. ಸಂಜೆ ತರೋಕೆ ಹೋದರೆ ಅಜ್ಜಿಯ ಮುಖದಲ್ಲಿ ಒಂದೇ ಒಂದು ಸುಕ್ಕಿಲ್ಲ! ಪೌಡರ್ ಡಬ್ಬಿಯೊಳಗೆ ಮುಖ ಅದ್ದಿ ತೆಗೆದ ಹಾಗೆ ಬೆಳ್ಳಗಿದ್ದಾರೆ. ಹಿಂದೆ ಇದ್ದ ಕಣ, ಬುಟ್ಟಿ, ಚೀಲ ಎಲ್ಲ ಮಾಯ. ಅಲ್ಲೊಂದು ಜಲಪಾತ. ನಮ್ಮ ಅಬ್ಬಿಯೂ ಅಲ್ಲ, ಯಾವ ದೇಶದ್ದೋ ಏನೋ. "ಚೆನ್ನಾಗಿ ಬಂದಿದೆ ಅಲ್ವಾ ಸಾರ್? ಇದಕ್ಕೆ ಎಕ್ಸ್‌ಟ್ರಾ ಏನೂ ಹಾಕಿಲ್ಲ" ಎಂದರು ಸ್ಟುಡಿಯೋದವರು.

ನನ್ನ ಕೋಪಕ್ಕೆ ಮನೆಯಲ್ಲಿ ಯಾರೂ ಜೊತೆಯಾಗಲಿಲ್ಲ. ಅಜ್ಜಿಗಂತೂ ಭಾರಿ ಖುಷಿ. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲಿ ಫೋಟೋ ಪ್ರಿಂಟ್ ಹಾಕಿಸೋಕೆ ಜನ ಸ್ಟುಡಿಯೋ ಹುಡುಕಿಕೊಂಡು ಹೋಗುವುದು ಕಡಿಮೆ. ಸೋಪು, ಪೇಸ್ಟು ಮಾರುವ ಡಿಎಂ ಎಂಬ ಅಂಗಡಿಗೆ ಹೋಗುತ್ತಾರೆ. ಒಂದು ಮೂಲೆಯಲ್ಲಿ ಮೆಷಿನ್ ಇರುತ್ತೆ. ಫೋನ್ ಜೋಡಿಸಿದರೆ ಆಯ್ತು, ಎಲ್ಲ ನಮ್ಮ ಕೈಯಲ್ಲೇ. ಅವಸರ ಇಲ್ಲದವರು ಲ್ಯಾಬ್‌ಗೆ ಆರ್ಡರ್ ಹಾಕುತ್ತಾರೆ. ಕೆಲವು ದಿನಗಳಲ್ಲಿ ಕವರ್ ಅದೇ ಅಂಗಡಿಗೆ ಬಂದು ಕೂತಿರುತ್ತೆ. ನನಗೆ ಇಷ್ಟವಾಗುವುದು ಈ ಮೆಷಿನ್ ಪ್ರತಿಯೊಂದನ್ನೂ ಕೇಳುವುದು. ಫೋಟೋದ ಅಂಚು ಇಷ್ಟು ಕತ್ತರಿಸಿ ಹೋಗುತ್ತೆ, ಪರವಾಗಿಲ್ವಾ? ಈ ಸೈಜಿಗೆ ಫೈಲ್ ಚಿಕ್ಕದಾಯ್ತು, ಆದರೂ ಬೇಕಾ?

ಈ ಕತ್ತರಿಸುವ ವಿಷಯ ಚಿಕ್ಕದಲ್ಲ. ಹೆಚ್ಚಿನ ಫೋನ್‌ಗಳಲ್ಲಿ ಫೋಟೋ ಬರುವುದು 4:3 ಅಳತೆಯಲ್ಲಿ. ನಾವು ಹಾಕಿಸುವ ನಾಲ್ಕು ಆರು ಸೈಜು 3:2. ಅಡ್ಡ ತೆಗೆದ ಫೋಟೋ ಆದರೆ ಮೇಲೆ ಕೆಳಗೆ ಸೇರಿ ಒಂಬತ್ತರಲ್ಲಿ ಒಂದು ಪಾಲು ಹೋಗಲೇಬೇಕು. ಹುತ್ತರಿಗೆ ಮನೆಮಂದಿಯೆಲ್ಲ ಸಾಲಾಗಿ ನಿಂತ ಫೋಟೋದಲ್ಲಿ ಯಾರ ತಲೆ ಹೋಗಬೇಕು, ಯಾರ ಕಾಲು ಹೋಗಬೇಕು ಅಂತ ನಮ್ಮೂರಲ್ಲಿ ತೀರ್ಮಾನ ಮಾಡುವವರು ಸ್ಟುಡಿಯೋದವರು. ಆ ಸಲ ಎತ್ತರದ ಚಿಕ್ಕಪ್ಪನ ಹಣೆ ಹೋಯ್ತು.

ಇನ್ನು "ವಾಟ್ಸಾಪ್ ಮಾಡಿ ಸಾರ್" ಎಂಬ ಮಾತು. ಯಾವ ಊರಿನ ಸ್ಟುಡಿಯೋಗೆ ಹೋದರೂ ಇದೇ. ವಾಟ್ಸಾಪ್ ಮಾಮೂಲಿಯಾಗಿ ಫೋಟೋದ ಉದ್ದವನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸಿಬಿಡುತ್ತೆ. ಒಳ್ಳೆಯ ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಇರಬೇಕು ಅನ್ನುತ್ತಾರೆ, ದೂರದಿಂದ ನೋಡುವ ಗೋಡೆ ಫೋಟೋಗೆ 200 ಇದ್ದರೂ ನಡೆಯುತ್ತೆ. ನಾಲ್ಕು ಆರಕ್ಕೆ ವಾಟ್ಸಾಪ್ ಫೋಟೋ ಸಾಕು. ಹದಿನೆಂಟು ಇಂಚಿಗೆ ಎಳೆದರೆ ಇಂಚಿಗೆ 90 ಕೂಡ ಸಿಗಲ್ಲ, ಮುಖವೆಲ್ಲ ಮೇಣದ ಹಾಗೆ ಕಾಣುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಅಥವಾ ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ ಮುಗೀತು, ಆದರೆ ಅದನ್ನು ಹೇಳುವವರು ಕೌಂಟರ್‌ನಲ್ಲಿ ಇರಬೇಕಲ್ವಾ?

ಪೇಪರ್ ಬಗ್ಗೆ ಕೇಳಿದರೆ ಗ್ಲಾಸಿನಾ ಮ್ಯಾಟಾ ಅಂತ ಮಾತ್ರ ಉತ್ತರ. ನಾನು ಕೇಳಿದ್ದು ಅದಲ್ಲ. ಬೆಳಕು ತೋರಿಸಿ ಕೆಮಿಕಲ್‌ನಲ್ಲಿ ತೊಳೆಯುವ ಫೋಟೋ ಪೇಪರ್ರಾ, ಇಂಕ್ ಸಿಂಪಡಿಸಿ ಪ್ರಿಂಟ್ ಮಾಡುವ ಇಂಕ್‌ಜೆಟ್ಟಾ ಅಂತ. ಕೊಡಗಿನವರಿಗೆ ಇದು ಬೇರೆ ಊರಿನವರಿಗಿಂತ ಜಾಸ್ತಿ ಮುಖ್ಯ. ಅಗ್ಗದ ಇಂಕ್‌ನ ಪ್ರಿಂಟ್ ಮೇಲೆ ಒದ್ದೆ ಬೆರಳು ಇಟ್ಟರೆ ಬಣ್ಣ ಬಿಡುತ್ತೆ. ಜೂನ್‌ನಿಂದ ಶುರುವಾಗಿ ಬಟ್ಟೆಯೇ ಒಣಗದ ನಮ್ಮ ಮಳೆಗಾಲದಲ್ಲಿ ಅದು ಎಷ್ಟು ವರ್ಷ ತಡೆಯುತ್ತೆ? ಫೋಟೋ ಪೇಪರ್ ಆದರೂ ಗಾಜಿಗೆ ಒತ್ತಿಕೊಂಡಂತೆ ಫ್ರೇಮ್ ಹಾಕಿದರೆ ತೇವಕ್ಕೆ ಮೇಲ್ಪದರ ಮೆತ್ತಗಾಗಿ ಅಂಟಿಕೊಳ್ಳುತ್ತೆ, ಆಮೇಲೆ ಬಿಡಿಸೋಕೆ ಹೋದರೆ ಮುಖವೇ ಕಿತ್ತು ಬರುತ್ತೆ. ಮಧ್ಯೆ ಒಂದು ಮೌಂಟ್, ಅಂದರೆ ಫೋಟೋ ಸುತ್ತ ದಪ್ಪ ರಟ್ಟಿನ ಚೌಕಟ್ಟು, ಕೊಟ್ಟು ಗಾಜು ದೂರ ಇಟ್ಟರೆ ಈ ತೊಂದರೆ ಇಲ್ಲ. ಲ್ಯಾಮಿನೇಷನ್ ಮಾಡಿಸಿದ್ದೇವೆ ಅಂತ ನೆಮ್ಮದಿಯಾಗಿ ಇರುವವರು ಅದರ ಅಂಚನ್ನು ಒಮ್ಮೆ ನೋಡಲಿ, ಬೂಷ್ಟು ಅಲ್ಲಿಂದಲೇ ಒಳಗೆ ಹೋಗಿರುತ್ತೆ.

ಯಾವ ಸ್ಟುಡಿಯೋ ಒಳ್ಳೆಯದು ಅಂತ ತಿಳಿಯಬೇಕಾದರೆ ಒಂದೇ ಫೋಟೋವನ್ನು ಎರಡು ಮೂರು ಕಡೆ ಚಿಕ್ಕ ಸೈಜಿನಲ್ಲಿ ಹಾಕಿಸಿ, ಹಗಲು ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಮುಖದ ಬಣ್ಣ, ಕಪ್ಪು ಕೂದಲಿನ ಎಳೆ, ಇವೆರಡು ನೋಡಿದರೆ ಸಾಕು.

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು ಹೇಳಲೇಬೇಕು, ಮನಸ್ಸಿಲ್ಲದಿದ್ದರೂ. ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ಮುತ್ತಜ್ಜನ ಕಪ್ಪು ಬಿಳುಪು ಫೋಟೋ ಇತ್ತು, ಕೊಡವರ ಕುಪ್ಯಚೇಲೆಯಲ್ಲಿ (ಉದ್ದನೆಯ ಅಂಗಿ ಕುಪ್ಯ, ಸೊಂಟಕ್ಕೆ ಸುತ್ತುವ ಬಟ್ಟೆ ಚೇಲೆ) ನಿಂತದ್ದು. ಸೊಂಟದ ಹತ್ತಿರ ಪೂರಾ ಬೂಷ್ಟು ತಿಂದಿತ್ತು. ಇಲ್ಲಿ ಕೂತು ಒಂದು ಎಐ ಆಪ್‌ಗೆ ಹಾಕಿ ನೋಡಿದೆ. ಅದು ಚೇಲೆಯನ್ನು ಚರ್ಮದ ಬೆಲ್ಟ್ ಮಾಡಿ, ಬಕಲ್ ಬೇರೆ ಇಟ್ಟಿತು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೀಚೆಕತ್ತಿ ನಾಪತ್ತೆ. ಇಲ್ಲಿಯ ಮೆಷಿನ್ ಏನು ಕೊಟ್ಟರೂ ಹಾಗೇ ಪ್ರಿಂಟ್ ಮಾಡುತ್ತೆ, ನಮ್ಮ ಮುತ್ತಜ್ಜ ಯಾರು, ಏನು ಉಟ್ಟಿದ್ದರು ಅಂತ ಅದಕ್ಕೇನು ಗೊತ್ತು? ಕೊನೆಗೆ ಅದನ್ನು ಸರಿ ಮಾಡಿಕೊಟ್ಟಿದ್ದು ಅದೇ ಜಲಪಾತದ ಸ್ಟುಡಿಯೋದವರು. ಕತ್ತಿಯ ಹಿಡಿ ಎಲ್ಲಿ ಬರಬೇಕು, ಚೇಲೆ ಎಷ್ಟು ಸುತ್ತು, ಯಾರನ್ನೂ ಕೇಳದೆ ಕೂತು ಬಿಡಿಸಿದ್ದಾರೆ. ಈ ಸಲ ಕೇಳದೆ ಇದ್ದದ್ದೇ ಒಳ್ಳೆಯದಾಯ್ತು.

ಆ ಫೈಲ್ ತರಿಸಿಕೊಂಡು ಕಾಪಿಗಳನ್ನು ಇಲ್ಲಿಯ ಲ್ಯಾಬ್‌ನಲ್ಲಿ ಹಾಕಿಸಿ ನೆಂಟರಿಗೆಲ್ಲ ಕಳಿಸಿದೆ. ಮೈಸೂರಿನ ಕಲರ್ ಲ್ಯಾಬ್‌ನಲ್ಲೂ ಇದೇ ಥರ ಪೇಪರ್ ಇದೆಯಲ್ಲ, ಸುಮ್ನೆ ಪೋಸ್ಟಿಗೆ ದುಡ್ಡು ದಂಡ ಎಂದರು ಚಿಕ್ಕಪ್ಪ. ಇದೆ, ಇಲ್ಲ ಅಂತ ನಾನೆಲ್ಲಿ ಹೇಳಿದೆ?