ಬಾಲವಾಡಿ ವಕೀಲರು

ನಮ್ಮಲ್ಲಿ ಒಬ್ಬ ವಕೀಲ ತಯಾರಾಗಬೇಕಾದರೆ ಪಿಯುಸಿ ಮುಗಿಸಿ ಐದು ವರ್ಷ ಕಾನೂನು ಕಾಲೇಜಿನ ಮೆಟ್ಟಿಲು ಸವೆಸಿ, ಹಿರಿಯರ ಕಚೇರಿಯಲ್ಲಿ ಇನ್ನಷ್ಟು ವರ್ಷ ಫೈಲು ಹೊತ್ತು, ಕೊನೆಗೊಮ್ಮೆ ‘ಮುಂದಿನ ತಾರೀಖು ಕೊಡಿ ಸ್ವಾಮಿ’ ಎಂದು ಕೇಳುವ ಧೈರ್ಯ ಬರುವ ಹೊತ್ತಿಗೆ ತಲೆ ಅರ್ಧ ನರೆತಿರುತ್ತದೆ. ಅಮೆರಿಕದಲ್ಲಿ ಇದೇ ವಿದ್ಯೆಗೆ ಮೂರು ವರ್ಷ ಸಾಕೆಂದು ಪತ್ತೆಯಾಗಿದೆ. ಮೂರು ವರ್ಷದ ಕೋರ್ಸು ಎಂದು ತಪ್ಪು ತಿಳಿಯಬಾರದು. ಮೂರು ವರ್ಷ ವಿದ್ಯಾರ್ಥಿಯ ವಯಸ್ಸು.

ಗಡೀಪಾರು ಮೊಕದ್ದಮೆ ಎದುರಿಸುವ ಮಕ್ಕಳಿಗೆ ಸರ್ಕಾರವೇ ವಕೀಲರನ್ನು ಕೊಡಬೇಕೆಂದು ನಾಗರಿಕ ಹಕ್ಕುಗಳ ಸಂಘಟನೆಗಳು ಸಿಯಾಟಲ್‌ನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದ್ದವು. ಅದರಲ್ಲಿ 2015ರಲ್ಲಿ ಸರ್ಕಾರದ ಪರವಾಗಿ ಪ್ರಮಾಣ ಮಾಡಿ ಹೇಳಿಕೆ ಕೊಟ್ಟ ಹಿರಿಯ ವಲಸೆ ನ್ಯಾಯಾಧೀಶ ಜ್ಯಾಕ್ ವೈಲ್ ಅವರು, ತಾವು ಮೂರು-ನಾಲ್ಕು ವರ್ಷದ ಮಕ್ಕಳಿಗೆ ವಲಸೆ ಕಾನೂನನ್ನು ಕಲಿಸಿರುವುದಾಗಿಯೂ, ಅದಕ್ಕೆ ಬಹಳ ಸಮಯ ಮತ್ತು ತಾಳ್ಮೆ ಬೇಕಾದರೂ ಮಕ್ಕಳಿಗೆ ಅದು ಅರ್ಥವಾಗುವುದಾಗಿಯೂ ತಿಳಿಸಿದರು. ಇತರ ವಲಸೆ ನ್ಯಾಯಾಧೀಶರಿಗೆ ತರಬೇತಿ ಕೊಡುವ ಹೊಣೆಯೂ ಇವರದೇ ಆಗಿದ್ದುದರಿಂದ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಸುದ್ದಿ ಹೊರಬಿದ್ದ ಮೇಲೆ, ತಮ್ಮ ಮಾತನ್ನು ಸಂದರ್ಭದಿಂದ ಬೇರ್ಪಡಿಸಲಾಗಿದೆ ಎಂದರು. ತಾಯಿಯಿಂದಲೇ ಬೇರ್ಪಟ್ಟು ಬಂದ ಮಕ್ಕಳಿರುವ ಕಡೆ ಒಂದು ಮಾತು ಸಂದರ್ಭದಿಂದ ಬೇರ್ಪಟ್ಟದ್ದಕ್ಕೆ ಯಾರೂ ಹೆಚ್ಚು ಕಣ್ಣೀರಿಡಲಿಲ್ಲ.

ಆ ದೇಶದ ಕಾನೂನು ನಿರ್ದಯವಾದುದೆಂದು ಹೇಳಿದರೆ ತಪ್ಪಾಗುತ್ತದೆ. ಗಡೀಪಾರಿನ ವಿಚಾರಣೆ ಎದುರಿಸುವ ಪ್ರತಿಯೊಬ್ಬರಿಗೂ ವಕೀಲರನ್ನು ಇಟ್ಟುಕೊಳ್ಳುವ ಹಕ್ಕುಂಟು ಎಂದು ಅದು ಸ್ಪಷ್ಟವಾಗಿ ಸಾರುತ್ತದೆ. ಸರ್ಕಾರಕ್ಕೆ ಮಾತ್ರ ಖರ್ಚು ಬೀಳಬಾರದು ಎಂದು ಅಷ್ಟೇ ಸ್ಪಷ್ಟವಾಗಿ ಸೇರಿಸುತ್ತದೆ. ಮಕ್ಕಳ ಆಟದಲ್ಲಿ ತೀರ ಚಿಕ್ಕವರನ್ನು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುವ ಕ್ರಮ ನಮ್ಮ ಬೀದಿಗಳಲ್ಲಿ ಮಾತ್ರ ಇದೆ ಎಂದು ನಾನು ಇಷ್ಟು ದಿನ ನಂಬಿದ್ದೆ. ಬಿಲಿಯರ್ಡ್ಸ್ ಕೋಣೆಗೆ ಕನ್ನ ಹಾಕಿದ ಆರೋಪ ಹೊತ್ತ ಗಿಡಿಯನ್ ಎಂಬ ಬಡವನ ಮೊಕದ್ದಮೆಯಲ್ಲಿ, ಅಂಥವರಿಗೆ ಸರ್ಕಾರವೇ ವಕೀಲರನ್ನು ಕೊಡಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 1963ರಲ್ಲೇ ತೀರ್ಪಿತ್ತಿದೆ. ಆದರೆ ಗಡೀಪಾರು ಶಿಕ್ಷೆಯೇ ಅಲ್ಲವೆಂದು ಅದೇ ಕೋರ್ಟ್ 1893ರಲ್ಲಿ ಹೇಳಿಬಿಟ್ಟಿತ್ತು. ಹೀಗಾಗಿ ಹೊಂಡುರಾಸ್‌ನಿಂದ ಒಬ್ಬಂಟಿಯಾಗಿ ಬಂದ ಮಗು ಸ್ವಲ್ಪ ಮುಂದಾಲೋಚನೆಯಿಂದ ದಾರಿಯಲ್ಲೊಂದು ಅಂಗಡಿಗೆ ಕನ್ನ ಹಾಕಿದ್ದರೆ, ಆ ಮೊಕದ್ದಮೆಯ ಮಟ್ಟಿಗಾದರೂ ಅದಕ್ಕೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಿದ್ದರು.

ಮಗುವಿನ ಎದುರು ಗೃಹಭದ್ರತಾ ಇಲಾಖೆಯ ವಕೀಲರು ನಿಲ್ಲುತ್ತಾರೆ. ಮೇಲೆ ಕುಳಿತಿರುವ ನ್ಯಾಯಾಧೀಶರು ಅಲ್ಲಿನ ನ್ಯಾಯ ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್ ನೇಮಿಸಿದ ನೌಕರರು. ಇಬ್ಬರ ಸಂಬಳವೂ ಸರ್ಕಾರದ್ದೇ. ಆ ಕೋಣೆಯಲ್ಲಿ ಸರ್ಕಾರದ ಖರ್ಚಿಲ್ಲದೆ ನಿಂತಿರುವ ಸ್ವಾವಲಂಬಿ ಜೀವಿಯೆಂದರೆ ಮಗುವೊಂದೇ.

ಇಷ್ಟಾದರೂ ವೈಲ್ ಅವರ ಮಾತಿನಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ. 2021ರಲ್ಲಿ ಗ್ವಾಟೆಮಾಲಾದ ವಲಸಿಗನೊಬ್ಬನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ತಲೆಕೆಡಿಸಿಕೊಂಡದ್ದು ‘ಎ’ ಎಂಬ ಒಂದೇ ಅಕ್ಷರದ ಬಗ್ಗೆ. ವಿಚಾರಣೆಗೆ ಕರೆಯುವ ಬಗ್ಗೆ ಕಾನೂನಿನಲ್ಲಿ ‘ಎ ನೋಟಿಸ್’, ಅಂದರೆ ‘ಒಂದು ನೋಟಿಸು’, ಎಂದಿರುವುದರಿಂದ ಎಲ್ಲ ವಿವರವೂ ಒಂದೇ ನೋಟಿಸಿನಲ್ಲಿ ಇರಬೇಕೋ, ಸರ್ಕಾರ ಅದನ್ನು ಕಂತುಗಳಲ್ಲಿ ಕಳುಹಿಸಬಹುದೋ ಎಂಬುದು ಪ್ರಶ್ನೆ. ಒಂದೇ ಇರಬೇಕೆಂದು ಆರು ಮಂದಿ, ಬೇಕಿಲ್ಲವೆಂದು ಮೂವರು ಹೇಳಿದರು. ಆಗಷ್ಟೇ ‘ಎ’ ತಿದ್ದಲು ಕಲಿತ ಮಗುವಿಗಿಂತ ಈ ವಿಷಯದಲ್ಲಿ ಪರಿಣತರು ಇನ್ನಾರಿದ್ದಾರೆ? ವಿಚಾರಣೆಯ ದಿನಾಂಕವಿಲ್ಲದ ನೋಟಿಸು ಸಾಲದೆಂದು 2018ರಲ್ಲಿ ಇದೇ ಕೋರ್ಟ್ ಹೇಳಿದಾಗಲಂತೂ ಅಧಿಕಾರಿಗಳು ಉದಾರಿಗಳಾಗಿ ಕೈಗೆ ಬಂದ ದಿನಾಂಕಗಳನ್ನು ಬರೆಯತೊಡಗಿದರು. ವಾರದ ರಜೆಗೆ, ನಡುರಾತ್ರಿಗೆ, ಕೊನೆಗೆ ಸೆಪ್ಟೆಂಬರ್ 31ಕ್ಕೂ ಜನರನ್ನು ಕರೆಯಲಾಗಿತ್ತೆಂದು ವರದಿಗಳಾದವು. ಬೆರಳಿನ ಗೆಣ್ಣು ಎಣಿಸಿ ತಿಂಗಳ ದಿನಗಳನ್ನು ಲೆಕ್ಕ ಹಾಕುವ ಮಗು ಈ ತಪ್ಪನ್ನು ಕೂಡಲೇ ಹಿಡಿದೀತು. ಆದರೆ ನಿಜವಾದ ತಾರೀಖಿಗೆ ಹಾಜರಾಗದಿದ್ದರೆ ಗೈರುಹಾಜರಿಯಲ್ಲೇ ಗಡೀಪಾರಿನ ಆದೇಶ ಹೊರಡುತ್ತದೆ. ಆ ಲೆಕ್ಕ ಗೆಣ್ಣಿಗೆ ಸಿಗುವುದಿಲ್ಲ.

ಈ ಸುಂದರ ವ್ಯವಸ್ಥೆಗೆ ಕಲ್ಲು ಹಾಕುತ್ತಿರುವವರು ಲಾಭರಹಿತ ಸಂಸ್ಥೆಗಳ ವಕೀಲರು. ನ್ಯೂಯಾರ್ಕ್ ನಗರ 2013ರಲ್ಲಿ ತನ್ನ ಹಣದಿಂದ, ಬಂಧನದಲ್ಲಿದ್ದ ಬಡ ವಲಸಿಗರಿಗೆ ಇಂಥ ಸಂಸ್ಥೆಗಳ ವಕೀಲರನ್ನು ಒದಗಿಸಲು ಆರಂಭಿಸಿತು. ಇದನ್ನು ಪರಿಶೀಲಿಸಿದ, ನ್ಯಾಯ ವ್ಯವಸ್ಥೆಯ ಅಧ್ಯಯನ ನಡೆಸುವ ವೆರಾ ಸಂಸ್ಥೆಯ ಅಂದಾಜಿನ ಪ್ರಕಾರ, ವಕೀಲರಿಲ್ಲದಾಗ ನೂರಕ್ಕೆ 4 ಮಂದಿ ಗೆಲ್ಲುತ್ತಿದ್ದ ಕಡೆ ವಕೀಲರಿದ್ದಾಗ 48 ಮಂದಿ ಗೆಲ್ಲುವಂತಾಯಿತು. ಇದರಿಂದ ಎರಡು ತೀರ್ಮಾನಗಳಿಗೆ ಬರಬಹುದು. ದೇಶದಲ್ಲಿ ಉಳಿಯಲು ಕಾನೂನುಬದ್ಧ ಹಕ್ಕಿರುವವರನ್ನೂ ವಿಮಾನ ಹತ್ತಿಸಲಾಗುತ್ತಿತ್ತು ಎಂಬುದು ಒಂದು. ವಕೀಲರೇ ಸಮಸ್ಯೆ ಎಂಬುದು ಇನ್ನೊಂದು. ಸರ್ಕಾರ ಬಹಳ ಯೋಚಿಸಿ ಎರಡನೆಯದನ್ನು ಆರಿಸಿಕೊಂಡಿತು.

ಒಬ್ಬಂಟಿಯಾಗಿ ಬಂದ ಮಕ್ಕಳಿಗೆ ಸಾಧ್ಯವಾದಷ್ಟೂ ವಕೀಲರನ್ನು ಒದಗಿಸಬೇಕೆಂದು 2008ರ ಕಾನೂನೊಂದು ಹೇಳುತ್ತದೆ. ಅದರಂತೆ ಅಕೇಶಿಯಾ ಎಂಬ ಸಂಸ್ಥೆಯ ಮೂಲಕ ಹಲವು ಸ್ಥಳೀಯ ಸಂಸ್ಥೆಗಳಿಗೆ ಸರ್ಕಾರದ ಹಣ ಹೋಗುತ್ತಿತ್ತು. 2025ರ ಫೆಬ್ರವರಿಯಲ್ಲಿ ಕೆಲಸ ನಿಲ್ಲಿಸಿ ಎಂಬ ಆದೇಶ ಬಂತು. ಕೆಲವೇ ದಿನಗಳಲ್ಲಿ ಮುಂದುವರಿಸಿ ಎಂದರು. ಮಾರ್ಚ್‌ನಲ್ಲಿ ಸುಮಾರು 26,000 ಮಕ್ಕಳ ವಕಾಲತ್ತಿಗೆ ಹೋಗುತ್ತಿದ್ದ ಹಣವನ್ನು ರದ್ದು ಮಾಡಿದರು. ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ನ್ಯಾಯಾಧೀಶರು ಸದ್ಯಕ್ಕೆ ಹಣ ಕೊಡಿ ಎಂದರು. ಇಷ್ಟು ಬೇಗ ಮನಸ್ಸು ಬದಲಿಸುವವರನ್ನು ನೋಡಿದರೆ, ಮೂರು ವರ್ಷದವರು ನ್ಯಾಯಾಲಯದಲ್ಲಷ್ಟೇ ಅಲ್ಲ, ಇಲಾಖೆಗಳಲ್ಲೂ ಕೆಲಸಕ್ಕಿದ್ದಾರೆಯೇ ಎಂಬ ಅನುಮಾನ ಬರುತ್ತದೆ.

ಹಾಗೆಂದು ನ್ಯಾಯಾಲಯ ಯಾರನ್ನೂ ಬರಿಗೈಯಲ್ಲಿ ಕಳುಹಿಸುವುದಿಲ್ಲ. ಪುಕ್ಕಟೆ ಕಾನೂನು ನೆರವು ನೀಡುವ ಸಂಸ್ಥೆಗಳ ಹೆಸರು, ವಿಳಾಸ, ಫೋನ್ ಸಂಖ್ಯೆಗಳಿರುವ ಪಟ್ಟಿಯೊಂದನ್ನು ಕೈಗಿಟ್ಟು, ವಿಚಾರಿಸಿ ನೋಡಿ ಎಂದು ಹೇಳಿಯೇ ಕಳುಹಿಸುತ್ತದೆ. ಆ ಪಟ್ಟಿಯನ್ನು ಸಂಪೂರ್ಣವಾಗಿ ಸರ್ಕಾರದ ಖರ್ಚಿನಲ್ಲೇ ಮುದ್ರಿಸಲಾಗುತ್ತದೆ.