ಇಸವಿ ಇಲ್ಲದ ಶಾಂಪೇನ್

ಶಾಂಪೇನ್ ಬಾಟಲಿಯನ್ನು ಕೈಗೆತ್ತಿಕೊಂಡವರು ಮೊದಲು ಹುಡುಕುವುದು ಇಸವಿಯನ್ನು. ಸಿಕ್ಕರೆ ಮುಖದಲ್ಲಿ ಒಂದು ಬಗೆಯ ಭಕ್ತಿ ಮೂಡುತ್ತದೆ. ಸಿಗದಿದ್ದರೆ, ಇದೂ ಇರಲಿ ಎನ್ನುವ ಔದಾರ್ಯ. ಬೆಲೆಯೂ ಈ ತಾರತಮ್ಯಕ್ಕೆ ಸಾಕ್ಷಿ ಹೇಳುತ್ತದೆ. ಆದರೆ ಶಾಂಪೇನ್ ತಯಾರಿಸುವ ಒಂದೇ ಮನೆತನದ ವಿಂಟೇಜ್ (ಕೊಯ್ಲಿನ ಇಸವಿ ಹೊತ್ತ) ಮತ್ತು ನಾನ್-ವಿಂಟೇಜ್ (ಇಸವಿ ಇಲ್ಲದ) ಬಾಟಲಿಗಳೆರಡನ್ನೂ ಒಂದೇ ಸಂಜೆ ಅಕ್ಕಪಕ್ಕ ಇಟ್ಟುಕೊಂಡು ಗುಟುಕರಿಸಿದಾಗಲೆಲ್ಲ, ನಮ್ಮ ಭಕ್ತಿ ಸಲ್ಲಬೇಕಾದ ಕಡೆಗೆ ಪೂರ್ತಿಯಾಗಿ ಸಲ್ಲುತ್ತಿಲ್ಲವೆಂದು ನನಗೆ ಅನ್ನಿಸುತ್ತದೆ.

ಪ್ಯಾರಿಸ್ಸಿನಿಂದ ಸುಮಾರು 150 ಕಿಲೋಮೀಟರು ದೂರದಲ್ಲಿ, ರೀಮ್ಸ್ ಮತ್ತು ಎಪರ್ನೆ ಪಟ್ಟಣಗಳ ಸುತ್ತಲಿರುವ ಶಾಂಪೇನ್ ಸೀಮೆ, ದ್ರಾಕ್ಷಿ ಬೆಳೆಯಲು ಹೇಳಿ ಮಾಡಿಸಿದ ಜಾಗವೇನಲ್ಲ. ವಸಂತದಲ್ಲಿ ಚಿಗುರನ್ನು ಸುಡುವ ಹಿಮ, ಕೊಯ್ಲಿನ ಹೊತ್ತಿಗೆ ಹಣ್ಣನ್ನು ಕೊಳೆಸುವ ಮಳೆ, ಎಲ್ಲ ದಾಟಿ ಬಂದರೂ ಸರಿಯಾಗಿ ಮಾಗದ ಹುಳಿ ಹಣ್ಣು. ಒಂದೇ ವರ್ಷದ ಬೆಳೆಯನ್ನು ನಂಬಿ ಅಲ್ಲಿ ವ್ಯಾಪಾರ ಮಾಡುವುದು ಕಷ್ಟವಾಗಿತ್ತು. ಹಾಗಾಗಿ ಒಳ್ಳೆಯ ವರ್ಷಗಳ ವೈನನ್ನು ಒಂದಿಷ್ಟು ಕಾದಿರಿಸಿ, ಹೊಸದಕ್ಕೆ ಬೆರೆಸುವ ಪದ್ಧತಿ ಬೆಳೆಯಿತು. ಪೀಬೆರಿಯನ್ನೂ ಪ್ಲಾಂಟೇಷನ್ನನ್ನೂ ಹದವರಿತು ಬೆರೆಸಿ, ಬೀಜ ಯಾವ ತೋಟದಿಂದ ಬಂದಿದ್ದರೂ ಗಿರಾಕಿಯ ಲೋಟದಲ್ಲಿ ಅದೇ ರುಚಿ ಇಳಿಯುವಂತೆ ನೋಡಿಕೊಳ್ಳುವ ನಮ್ಮ ಕಾಫಿಪುಡಿ ಅಂಗಡಿಯವರಿಗೆ ಈ ವಿದ್ಯೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಂಪೇನಿನವರ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಅವರು ಬೆರಕೆಯನ್ನು ನಿರ್ಧರಿಸುವಾಗ ನಾಲಿಗೆಗೆ ಸಿಗುವುದು ಹಲ್ಲು ಚುಳ್ಳೆನ್ನಿಸುವ, ಗುಳ್ಳೆಯಿಲ್ಲದ ಎಳೆಯ ವೈನ್ ಮಾತ್ರ. ಅದು ಬಾಟಲಿಯೊಳಗೆ ಎರಡನೆಯ ಸಲ ಹುದುಗಿ, ವರ್ಷಗಳ ಬಳಿಕ ಹೇಗಿರುತ್ತದೆ ಎಂಬುದನ್ನು ಊಹಿಸಿಯೇ ಬೆರೆಸಬೇಕು. ಕ್ರುಗ್ ಮನೆತನದ ಗ್ರಾಂಡ್ ಕ್ಯುವೇ ಎಂಬ ಶಾಂಪೇನಿನಲ್ಲಿ ಹತ್ತಕ್ಕೂ ಹೆಚ್ಚು ವರ್ಷಗಳ 120ಕ್ಕೂ ಮಿಕ್ಕಿದ ವೈನುಗಳು ಸೇರಿರುತ್ತವೆ. ಇದನ್ನು ಸಾಧಾರಣವೆಂದು ಕರೆಯುವ ಧೈರ್ಯ ನನಗಂತೂ ಇಲ್ಲ. ಅದರ ಬೆಲೆಯೂ ಹಾಗೆ ಕರೆಯಲು ಬಿಡುವುದಿಲ್ಲ.

ವಿಂಟೇಜಿನ ನಿಯಮ ಸರಳ: ಬಾಟಲಿಯ ಮೇಲಿನ ಇಸವಿಯ ಹಣ್ಣಲ್ಲದೆ ಬೇರೇನನ್ನೂ ಸೇರಿಸುವಂತಿಲ್ಲ. ಆ ವರ್ಷದ ಬಿಸಿಲು, ಮಳೆ, ಗ್ರಹಚಾರ ಎಲ್ಲವೂ ಒಳಗೇ ಇರಬೇಕು. ಯೂರೋಪನ್ನೇ ಕಾಯಿಸಿದ 2003ರ ಬೇಸಿಗೆಯಲ್ಲಿ ಕೊಯ್ಲು ಆಗಸ್ಟಿನಲ್ಲೇ ಶುರುವಾಯಿತು. ಆ ವರ್ಷದ ಶಾಂಪೇನು ಮೈತುಂಬಿಕೊಂಡು, ಹುಳಿ ಸಪ್ಪಗಾಗಿ, ಬೇಗನೆ ಪ್ರಾಯಕ್ಕೆ ಬಂದಂತಿರುತ್ತದೆ. 2008ರ ಬೇಸಿಗೆ ಮೋಡ ಕವಿದು ತಣ್ಣಗಿತ್ತು, ಸೆಪ್ಟೆಂಬರಿನ ಒಣ ಹವೆ ಬೆಳೆಯನ್ನು ಕಾಪಾಡಿತು. ಅದರ ಹುಳಿ ಇವತ್ತಿಗೂ ನೆಟ್ಟಗೆ ನಿಂತಿದೆ. ಮಳೆಯಲ್ಲಿ ನೆಂದ 2001ರ ಹೆಸರಿನಲ್ಲಿ ಬಾಟಲಿ ಹೊರತರಲು ಹೆಚ್ಚಿನವರಿಗೆ ಮನಸ್ಸೇ ಬರಲಿಲ್ಲ. ಸಲೋನ್ ಎಂಬ ಮನೆತನವಂತೂ ವಿಂಟೇಜ್ ಬಿಟ್ಟು ಬೇರೇನನ್ನೂ ಮಾಡುವುದಿಲ್ಲ; 1905ರ ಕೊಯ್ಲಿನಿಂದ ಮೊದಲುಗೊಂಡು ಇಡೀ ಇಪ್ಪತ್ತನೆಯ ಶತಮಾನದಲ್ಲಿ ಅವರು ಒಪ್ಪಿದ್ದು 37 ವರ್ಷಗಳನ್ನಷ್ಟೇ.

ಹೀಗಿದ್ದರೂ, ಎರಡು ಲೋಟಗಳ ನಡುವೆ ನಾಲಿಗೆ ಗುರುತಿಸುವ ವ್ಯತ್ಯಾಸವೆಲ್ಲ ಇಸವಿಯ ಮಹಿಮೆಯಲ್ಲ. ನಾನ್-ವಿಂಟೇಜ್ ಬಾಟಲಿ ನೆಲಮಾಳಿಗೆಯಲ್ಲಿ ಕನಿಷ್ಠ 15 ತಿಂಗಳು ಇದ್ದರೆ ಸಾಕು. ವಿಂಟೇಜಿಗೆ ಕನಿಷ್ಠ ಮೂರು ವರ್ಷ, ದೊಡ್ಡ ಮನೆತನಗಳಲ್ಲಿ ಏಳೆಂಟು ವರ್ಷವೂ ಆಗುವುದುಂಟು. ಹುದುಗುವ ಕೆಲಸ ಮುಗಿಸಿ ಸತ್ತ ಯೀಸ್ಟು ಬಾಟಲಿಯ ತಳದಲ್ಲಿ ಗಸಿಯಾಗಿ ಕೂತು, ನಿಧಾನವಾಗಿ ಕರಗುತ್ತಾ, ಸುಟ್ಟ ಬ್ರೆಡ್ಡಿನ, ಬೆಣ್ಣೆಯ, ಹುರಿದ ಬೀಜದ ವಾಸನೆಯನ್ನು ವೈನಿಗೆ ಬಿಟ್ಟುಕೊಡುತ್ತದೆ. ‘ಆಹಾ, ವಿಂಟೇಜ್ ಅಂದರೆ ಇದು’ ಎಂದು ನಾವು ತಲೆದೂಗುವಾಗ ಅರ್ಧದಷ್ಟು ಶಹಭಾಸ್‌ಗಿರಿ ಈ ಗಸಿಗೆ ಸಲ್ಲಬೇಕು. ಗಟ್ಟಿ ಬೆರಕೆಯ ನಾನ್-ವಿಂಟೇಜನ್ನು ಕತ್ತಲಿರುವ ತಣ್ಣನೆಯ ಮೂಲೆಯಲ್ಲಿ ಎರಡು ಮೂರು ವರ್ಷ ಮರೆತುಬಿಟ್ಟರೆ ಅದರ ಹುಳಿಯೂ ಮೆತ್ತಗಾಗಿ, ಬಣ್ಣ ಹೊನ್ನಿಗೆ ತಿರುಗಿ, ವಿಂಟೇಜಿನ ನೆಂಟನಂತೆ ಮಾತಾಡತೊಡಗುತ್ತದೆ. ಮರೆಯುವುದು ಸುಲಭವಲ್ಲ, ಅದು ಬೇರೆ ವಿಷಯ.

ಕುಡಿಯುವ ರೀತಿಯೂ ಎರಡಕ್ಕೂ ಒಂದೇ ಆಗಬಾರದು. ನಾನ್-ವಿಂಟೇಜು ಚೆನ್ನಾಗಿ ತಣ್ಣಗಿರುವಾಗ ಮೊದಲ ಗುಟುಕಿನಲ್ಲೇ ಹೇಳಬೇಕಾದದ್ದನ್ನೆಲ್ಲ ಹೇಳಿಬಿಡುತ್ತದೆ. ಸೇಬು, ನಿಂಬೆ, ನೊರೆಯ ಚುರುಕು. ವಿಂಟೇಜಿಗೆ ಕೊರೆಯುವ ಚಳಿಯೂ ಆಗದು, ಕೊಳವೆಯಂಥ ಸಪೂರ ಲೋಟವೂ ಆಗದು. ಅಗಲ ಬಾಯಿಯ ಲೋಟಕ್ಕೆ ಸುರಿದು, ಹತ್ತು ಹನ್ನೆರಡು ಡಿಗ್ರಿಗೆ ಬರುವ ತನಕ ಸುಮ್ಮನಿದ್ದರೆ ಮಾತ್ರ ಅದು ಒಂದೊಂದಾಗಿ ಬಾಯಿಬಿಡುತ್ತದೆ. ಅಷ್ಟರೊಳಗೆ ಪಕ್ಕದ ಲೋಟ ಖಾಲಿಯಾಗಿರುತ್ತದೆ. ಇದೂ ಒಂದು ತೀರ್ಪೇ ಎಂದು ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಈಚೆಗೆ ಇಸವಿ ಇಲ್ಲದವರೂ ಹಿತ್ತಿಲ ಬಾಗಿಲಿನಿಂದ ಲೆಕ್ಕ ಕೊಡತೊಡಗಿದ್ದಾರೆ. ಜಾಕೆಸ್ಸಾನ್ ಮನೆತನ 2000ದ ಕೊಯ್ಲನ್ನು ಆಧಾರವಾಗಿಟ್ಟುಕೊಂಡ ಬೆರಕೆಗೆ 728 ಎಂಬ ಸಂಖ್ಯೆ ಕೊಟ್ಟು, ಆಮೇಲಿನ ಪ್ರತಿ ವರ್ಷಕ್ಕೂ ಒಂದೊಂದು ಸಂಖ್ಯೆ ಏರಿಸುತ್ತಾ ಬಂತು. ಲೂಯಿ ರೋಡರರ್ ಕೂಡ 2021ರಲ್ಲಿ ತನ್ನ ಹಳೆಯ ನಾನ್-ವಿಂಟೇಜನ್ನು ಕೈಬಿಟ್ಟು ಕಲೆಕ್ಷನ್ 242 ಎಂಬುದನ್ನು ಮಾರುಕಟ್ಟೆಗೆ ತಂದಿತು. ಪ್ರತಿವರ್ಷವೂ ಅದೇ ರುಚಿ ಎಂಬ ಹಳೆಯ ವಚನವನ್ನು ಬಿಟ್ಟು, ಪ್ರತಿವರ್ಷವೂ ಆದಷ್ಟು ಒಳ್ಳೆಯದು ಎಂಬಲ್ಲಿಗೆ ಅವರು ಬಂದು ನಿಂತಿದ್ದಾರೆ. ಇತ್ತ ಭೂಮಿ ಕಾದು, ಒಂದು ಕಾಲಕ್ಕೆ ಅಚ್ಚರಿಯಾಗಿದ್ದ ಆಗಸ್ಟ್ ಕೊಯ್ಲು ಈಗ ರೂಢಿಯಾಗುತ್ತಿದೆ. 2018, 2019, 2020 ಸಾಲಾಗಿ ಮೂರೂ ಒಳ್ಳೆಯ ವರ್ಷಗಳೆಂದು ಎನ್ನಿಸಿಕೊಂಡವು. ಬೆರೆಸಲೇಬೇಕಾದ ಅನಿವಾರ್ಯ ಕಡಿಮೆಯಾದ ಮೇಲೂ ಅವರು ಬೆರೆಸುತ್ತಲೇ ಇದ್ದಾರೆ, ಮತ್ತು ಅಂಗಡಿಯಲ್ಲಿ ನನ್ನ ಕೈ ಈಗಲೂ ಮೊದಲು ಹೋಗುವುದು ಆ ಬೆರಕೆಯ ಬಾಟಲಿಯ ಕಡೆಗೇ.